ಕೇಟ್ಲಿನ್ ಕ್ಲಾರ್ಕ್: ದಾಖಲೆಗಳನ್ನು ಬಿಡಿ, ಮೊದಲ ಎರಡು ಸೀಸನ್ ಬಗ್ಗೆ ಮಾತಾಡೋಣ

ಕಂಠೀರವ_ಗ್ಯಾಲರಿ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಕ್ಲಾರ್ಕ್ ಹೆಸರು ಬಂದರೆ ಸಾಕು, ಎಲ್ಲರೂ 2024ರಿಂದ ಶುರು ಮಾಡುತ್ತಾರೆ. ಕಾಲೇಜು ಆಟದಲ್ಲಿ 3,951 ಪಾಯಿಂಟ್, ಗಂಡಸರ ಆಟದ ಪೀಟ್ ಮರಾವಿಚ್ ಅವರ 3,667ರ ದಾಖಲೆ ಮುರಿದದ್ದು, ರಾಷ್ಟ್ರೀಯ ಟೂರ್ನಿಯ ಫೈನಲ್ ಪಂದ್ಯವನ್ನು 1.89 ಕೋಟಿ ಜನ ಟಿವಿಯಲ್ಲಿ ನೋಡಿದ್ದು. ಅದೆಲ್ಲ ಯೂಟ್ಯೂಬ್‌ನಲ್ಲಿ ಬೇಕಾದಷ್ಟಿದೆ.

ನನಗೆ ಜಾಸ್ತಿ ಕುತೂಹಲ ಇರುವುದು ಅದಕ್ಕೂ ಮೊದಲಿನ ಕಥೆಯಲ್ಲಿ. 2020-21 ಮತ್ತು 2021-22. ಅಯೋವಾ ವಿಶ್ವವಿದ್ಯಾಲಯದಲ್ಲಿ ಅವಳ ಮೊದಲ ಎರಡು ವರ್ಷ. ಮೊದಲ ವರ್ಷ ಪೂರ್ತಿ ಕೋವಿಡ್. ಕಾರ್ವರ್-ಹಾಕೈ ಅರೀನಾದಲ್ಲಿ ಸುಮಾರು 15,000 ಜನ ಕೂರಬಹುದು, ಆದರೆ ಕುರ್ಚಿಗಳೆಲ್ಲ ಖಾಲಿ. 2020 ನವೆಂಬರ್ 25ರಂದು ನಾರ್ದರ್ನ್ ಅಯೋವಾ ವಿರುದ್ಧ ಮೊದಲ ಪಂದ್ಯ. 27 ಪಾಯಿಂಟ್, 8 ರಿಬೌಂಡ್ (ಬೀಳದ ಶಾಟ್‌ನ ಚೆಂಡು ಹಿಡಿದದ್ದು). ಕಾಲೇಜಿನ ಮೊದಲ ಪಂದ್ಯ ಆಡುವ ಹುಡುಗಿ ಅಷ್ಟು ದೂರದಿಂದ, ಯಾರನ್ನೂ ಕೇಳದೆ, ಮೂರು ಪಾಯಿಂಟ್ ಶಾಟ್ ಎತ್ತುತ್ತಾಳೆ. ಬೆಂಚಿನಿಂದ ಯಾರೂ ತಲೆ ಮೇಲೆ ಕೈ ಇಟ್ಟುಕೊಳ್ಳುವುದಿಲ್ಲ!

ನನ್ನ ವಾದ ಇಷ್ಟೇ. ಆಮೇಲೆ ಬಂದ ಕ್ಲಾರ್ಕ್ ಪೂರ್ತಿ ಆ ಎರಡು ವರ್ಷಗಳಲ್ಲೇ ಇದ್ದಾಳೆ. ಅದಕ್ಕೆ ಪ್ರತಿಭೆ ಎಷ್ಟು ಕಾರಣವೋ, ತಪ್ಪು ಮಾಡಲು ಬಿಟ್ಟ ಒಬ್ಬ ಕೋಚ್ ಕೂಡ ಅಷ್ಟೇ ಕಾರಣ. ಲಿಸಾ ಬ್ಲೂಡರ್ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಮೊದಲ ತಿಂಗಳಲ್ಲೇ ಬೆಂಚಿನಲ್ಲಿ ಕೂರಿಸುತ್ತಿದ್ದರು.

ಒಪ್ಪದವರು ಬನ್ನಿ.

ಲೆಕ್ಕದ_ಮೇಷ್ಟ್ರು

ಒಪ್ಪುತ್ತೇನೆ, ಆದರೆ ಅರ್ಧ.

ಮೊದಲ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 26.6 ಪಾಯಿಂಟ್. ಇಡೀ ದೇಶಕ್ಕೇ ಮೊದಲು. ಜೊತೆಗೆ 7.1 ಅಸಿಸ್ಟ್ (ಬುಟ್ಟಿಗೆ ದಾರಿ ಮಾಡಿದ ಪಾಸ್), 5.9 ರಿಬೌಂಡ್. ಮೂರು ಪಾಯಿಂಟ್ ಶಾಟ್ ಶೇ. 40.6. ಹದಿನೆಂಟು ವರ್ಷದ ಹುಡುಗಿಗೆ ಇದು ಹುಚ್ಚು ಲೆಕ್ಕ. ಆದರೆ ಇನ್ನೊಂದು ಕಡೆಯನ್ನೂ ನೋಡಿ. ಪಂದ್ಯಕ್ಕೆ ನಾಲ್ಕಕ್ಕಿಂತ ಜಾಸ್ತಿ ಟರ್ನೋವರ್ (ಚೆಂಡು ಎದುರಾಳಿಗೆ ಕಳೆದುಕೊಂಡದ್ದು). ತಂಡ ಎದುರಾಳಿಗೆ ಬಿಟ್ಟುಕೊಡುತ್ತಿದ್ದದ್ದು ಪಂದ್ಯಕ್ಕೆ 80ರ ಆಸುಪಾಸು. ಅಯೋವಾ ಆಡುವ ಬಿಗ್ ಟೆನ್ ಗುಂಪಿನ ಟೂರ್ನಿ ಫೈನಲ್‌ನಲ್ಲಿ ಮೇರಿಲ್ಯಾಂಡ್ ಹೊಡೆದದ್ದು 104! ಅಯೋವಾ 84. ಸೀಸನ್ ಮುಗಿದಾಗ 20 ಗೆಲುವು, 10 ಸೋಲು.

ಅಂದರೆ ಅದು ಗೆಲ್ಲುವ ತಂಡ ಆಗಿರಲಿಲ್ಲ. ಚೆಂದ ಆಡುವ ತಂಡ ಆಗಿತ್ತು. ಎರಡೂ ಒಂದೇ ಅಲ್ಲ.

ಸುರತ್ಕಲ್_ಶೂಟರ್

ಮಾರಾಯ್ರೇ, 104 ಬಿಟ್ಟುಕೊಟ್ಟ ತಂಡದ ಕೋಚನ್ನು ಇಲ್ಲಿ ಹೊಗಳುತ್ತಿದ್ದೇವಾ ನಾವು?

ಕಂಠೀರವ_ಗ್ಯಾಲರಿ

ಹೌದು, ಹೊಗಳುತ್ತಿದ್ದೇವೆ. 😀

ಮೇಷ್ಟ್ರೇ, ಟರ್ನೋವರ್ ವಿಷಯಕ್ಕೆ ಬರೋಣ. ಅವು ಎಂಥ ಟರ್ನೋವರ್ ಅಂತ ನೋಡಿದ್ದೀರಾ? ರಿಬೌಂಡ್ ಕೈಗೆ ಸಿಕ್ಕ ಕೂಡಲೇ ಅವಳ ತಲೆ ಮೇಲೇಳುತ್ತದೆ. ಚೆಂಡು ನೆಲಕ್ಕೆ ಒಂದು ಸಲ ಬಡಿಯುವಷ್ಟರಲ್ಲಿ ಅಂಕಣದ ಆ ತುದಿಯಲ್ಲಿ ಯಾರು ಓಡುತ್ತಿದ್ದಾರೆ ಅಂತ ಕಂಡಿರುತ್ತದೆ. ಒಂದೇ ಕೈಯಲ್ಲಿ ಅರ್ಧ ಅಂಕಣ ದಾಟಿಸಿ ಎಸೆಯುತ್ತಾಳೆ. ಹತ್ತರಲ್ಲಿ ಕೆಲವು ಹೊರಗೆ ಹೋಗುತ್ತವೆ. ಕೆಲವು ಓಡುತ್ತಿರುವವಳ ಬೆನ್ನಿಗೆ ಬಡಿಯುತ್ತವೆ, ಯಾಕೆಂದರೆ ಅಲ್ಲಿಂದ ಪಾಸ್ ಬರುತ್ತದೆ ಅಂತ ಅವಳೇ ಅಂದುಕೊಂಡಿರುವುದಿಲ್ಲ. ಲೆಕ್ಕದ ಹಾಳೆಯಲ್ಲಿ ಅದು ಕ್ಲಾರ್ಕ್ ತಪ್ಪು. ಎರಡನೇ ವರ್ಷ ಅದೇ ಪಾಸ್‌ಗೆ ಅದೇ ಹುಡುಗಿಯರು ಕೈ ಚಾಚಿ ಸಿದ್ಧರಿರುತ್ತಾರೆ. ಅಸಿಸ್ಟ್ 7.1ರಿಂದ 8.0ಕ್ಕೆ ಏರಿದ್ದು ಹಾಗೆ.

ಆ ಪಾಸ್ ಎಸೆಯಬೇಡ ಅಂತ ಮೊದಲ ವರ್ಷವೇ ಹೇಳಿದ್ದರೆ ಎರಡನೇ ವರ್ಷ ಅದು ಇರುತ್ತಲೇ ಇರಲಿಲ್ಲ.

ಸೀಡರ್‌ರಾಪಿಡ್ಸ್_ಕನ್ನಡತಿ

ನಾನು ಅಯೋವಾದಲ್ಲೇ ಇರುವವಳು. ಅಯೋವಾ ಸಿಟಿಗೆ ಕಾರಿನಲ್ಲಿ ಅರ್ಧ ಗಂಟೆ. ಇಲ್ಲಿನ ಹಿನ್ನೆಲೆ ಗೊತ್ತಿಲ್ಲದೆ ಈ ಹುಡುಗಿಯ ಕಥೆ ಪೂರ್ತಿ ಅರ್ಥ ಆಗುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಕ್ಲಾರ್ಕ್ ಹುಟ್ಟಿದ್ದು 2002ರ ಜನವರಿ 22ರಂದು, ಡಿಮಾಯ್ನ್‌ನಲ್ಲಿ. ಓದಿದ್ದು ಪಕ್ಕದ ವೆಸ್ಟ್ ಡಿಮಾಯ್ನ್‌ನ ಡೌಲಿಂಗ್ ಕ್ಯಾಥೊಲಿಕ್ ಹೈಸ್ಕೂಲು. ಚಿಕ್ಕವಳಿದ್ದಾಗ ಅವಳ ವಯಸ್ಸಿನ ಹುಡುಗಿಯರ ಲೀಗ್ ಸಿಗದೆ, ಅಪ್ಪ ಹುಡುಗರ ಲೀಗಿಗೆ ಸೇರಿಸಿದರು. ಅಪ್ಪ ಕೂಡ ಸಿಂಪ್ಸನ್ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವರು. ಮನೆಯಲ್ಲಿ ಒಬ್ಬ ಅಣ್ಣ, ಒಬ್ಬ ತಮ್ಮ. ಆಮೇಲೆ ಏಮ್ಸ್ ಊರಿನ ಆಲ್ ಅಯೋವಾ ಅಟ್ಯಾಕ್ ಕ್ಲಬ್. 2019ರಲ್ಲಿ ಒಂದು ಹೈಸ್ಕೂಲ್ ಪಂದ್ಯದಲ್ಲಿ 60 ಪಾಯಿಂಟ್ ಹಾಕಿದಳು, ಅದರಲ್ಲಿ 13 ಮೂರು ಪಾಯಿಂಟ್ ಶಾಟ್.

ಈಗ ಆ ಹಿನ್ನೆಲೆ. ಅಯೋವಾದಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ನಿನ್ನೆ ಮೊನ್ನೆಯದಲ್ಲ. ಇಲ್ಲಿ ಆರು ಜನರ ಆಟ ಅಂತ ಒಂದಿತ್ತು. ಮೂವರು ಫಾರ್ವರ್ಡ್, ಮೂವರು ಗಾರ್ಡ್. ಫಾರ್ವರ್ಡ್‌ಗಳು ಶಾಟ್ ಮಾತ್ರ, ಗಾರ್ಡ್‌ಗಳು ತಡೆಯುವುದು ಮಾತ್ರ. ಮಧ್ಯದ ಗೆರೆ ಯಾರೂ ದಾಟುವ ಹಾಗಿಲ್ಲ. ಎರಡೇ ಡ್ರಿಬಲ್. ಹುಡುಗಿಯರಿಗೆ ಪೂರ್ತಿ ಅಂಕಣ ಓಡುವುದು ಜಾಸ್ತಿ ಆಯಿತು ಅಂತ ಆ ಕಾಲದವರು ಮಾಡಿದ ನಿಯಮ. ಆದರೆ ಹಳ್ಳಿಗೆ ಹಳ್ಳಿಯೇ ಬೀಗ ಹಾಕಿಕೊಂಡು ರಾಜ್ಯ ಟೂರ್ನಿ ನೋಡಲು ಡಿಮಾಯ್ನ್‌ಗೆ ಹೋಗುತ್ತಿತ್ತು ಅಂತ ಇಲ್ಲಿನ ಅಜ್ಜಿಯರು ಈಗಲೂ ಹೇಳುತ್ತಾರೆ. ಈ ಆಟ 1993ರವರೆಗೆ ನಡೆಯಿತು! ಡೆನೀಸ್ ಲಾಂಗ್ ಅನ್ನುವ ಹುಡುಗಿ 1968ರಲ್ಲಿ ಒಂದೇ ಪಂದ್ಯದಲ್ಲಿ 111 ಪಾಯಿಂಟ್ ಹಾಕಿದ್ದಳು. ಮುಂದಿನ ವರ್ಷ ಗಂಡಸರ ಸ್ಯಾನ್ ಫ್ರಾನ್ಸಿಸ್ಕೊ ವಾರಿಯರ್ಸ್ ತಂಡ ಅವಳನ್ನು ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರ ಆಯ್ಕೆ) ಆರಿಸಿತು. ಎನ್‌ಬಿಎ ಮುಖ್ಯಸ್ಥರು ಅದನ್ನು ರದ್ದು ಮಾಡಿದರು, ಬಿಡಿ.

ಕ್ಲಾರ್ಕ್ ಇದ್ದಾಗ ತಂಡದ ಸಹಾಯಕ ಕೋಚ್ ಆಗಿದ್ದ ಜಾನ್ ಜೆನ್ಸೆನ್, ಈಗ ಮುಖ್ಯ ಕೋಚ್, ಅದೇ ಆರು ಜನರ ಆಟದ ತಾರೆ. ಹೈಸ್ಕೂಲಿನ ಕೊನೇ ವರ್ಷ ಅವರ ಸರಾಸರಿ 66 ಪಾಯಿಂಟ್. ಅಂಥವರು ಬೆಂಚಿನಲ್ಲಿ ಕೂತಿರುವಾಗ, ಒಬ್ಬ ಹುಡುಗಿ ಜಾಸ್ತಿ ಶಾಟ್ ಹೊಡೆಯುತ್ತಾಳೆ ಅಂತ ಯಾರಿಗೆ ಗಾಬರಿ ಆಗಬೇಕು ಹೇಳಿ?

ಇನ್ನೊಂದು. ಅಯೋವಾದಲ್ಲಿ ಎನ್‌ಬಿಎ ಇಲ್ಲ, ಎನ್‌ಎಫ್‌ಎಲ್ ಇಲ್ಲ. ಕಾಲೇಜು ತಂಡವೇ ಇಲ್ಲಿನ ಜನಕ್ಕೆ ಎಲ್ಲ. 1985ರಲ್ಲೇ ವಿವಿಯನ್ ಸ್ಟ್ರಿಂಗರ್ ಕೋಚ್ ಆಗಿದ್ದಾಗ, ಓಹಾಯೊ ಸ್ಟೇಟ್ ವಿರುದ್ಧದ ಮಹಿಳೆಯರ ಪಂದ್ಯಕ್ಕೆ ಇದೇ ಅರೀನಾಗೆ 22,000ಕ್ಕೂ ಹೆಚ್ಚು ಜನ ನುಗ್ಗಿದ್ದರು. ಹಾಗಾಗಿ ಕ್ಲಾರ್ಕ್ ಬಂದ ಮೇಲೆ ಜನ ಬರಲು ಶುರುವಾದರು ಅನ್ನುವುದು ಅರ್ಧ ಸತ್ಯ. ಜನ ವಾಪಸ್ ಬಂದರು.

ಲೆಕ್ಕದ_ಮೇಷ್ಟ್ರು

ಈಗ ಗೊತ್ತಾಯಿತು. 104 ಯಾಕೆ ಬಿಟ್ಟುಕೊಟ್ಟರು ಅಂದರೆ ಐವರೂ ಆರು ಜನರ ಆಟದ ಫಾರ್ವರ್ಡ್‌ಗಳು! ತಡೆಯುವುದು ನಮ್ಮ ಕೆಲಸ ಅಲ್ಲ ಅಂತ ಗೆರೆ ಹತ್ತಿರ ನಿಂತುಬಿಟ್ಟರು.

ಸೀಡರ್‌ರಾಪಿಡ್ಸ್_ಕನ್ನಡತಿ

ಇದನ್ನು ಇಲ್ಲಿ ಯಾರಿಗಾದರೂ ಹೇಳಿದರೆ ನನ್ನನ್ನು ಊರು ಬಿಡಿಸುತ್ತಾರೆ ಮೇಷ್ಟ್ರೇ. 😂

ಪಾಯಿಂಟ್_ಗಾರ್ಡ್_ಪಮ್ಮಿ

ಅಕ್ಕ, ನೋಟ್ರ್ ಡೇಮ್ ಕಥೆ ಹೇಳಲೇ ಇಲ್ವಲ್ಲ. ಮೊದಲು ಅಲ್ಲಿಗೆ ಹೋಗುವುದು ಅಂತ ಆಗಿತ್ತಲ್ವಾ?

ಸೀಡರ್‌ರಾಪಿಡ್ಸ್_ಕನ್ನಡತಿ

ಹೌದು. ಮನೆಯವರದು ಕ್ಯಾಥೊಲಿಕ್ ಕುಟುಂಬ, ನೋಟ್ರ್ ಡೇಮ್ ದೊಡ್ಡ ಹೆಸರು, ಅಲ್ಲಿನ ತಂಡ 2018ರಲ್ಲಿ ಚಾಂಪಿಯನ್ ಕೂಡ ಆಗಿತ್ತು. ಅಲ್ಲಿಗೇ ಬರುತ್ತೇನೆ ಅಂತ ಮೊದಲು ಮಾತು ಕೊಟ್ಟಿದ್ದಳು. ಆಮೇಲೆ ಮನಸ್ಸು ಬದಲಾಯಿಸಿ 2019ರ ನವೆಂಬರ್‌ನಲ್ಲಿ ಅಯೋವಾ ಅಂದಳು. ಮನೆಯಿಂದ ಎರಡು ಗಂಟೆ ದಾರಿ. ಅಯೋವಾ ಆಗ ಸುಮ್ಮನೆ ಇರುವ ತಂಡ ಆಗಿರಲಿಲ್ಲ. ಮೆಗಾನ್ ಗುಸ್ಟಾಫ್ಸನ್ 2019ರಲ್ಲಿ ದೇಶದ ಅತ್ಯುತ್ತಮ ಆಟಗಾರ್ತಿ ಆಗಿ, ತಂಡವನ್ನು ರಾಷ್ಟ್ರೀಯ ಟೂರ್ನಿಯ ಕೊನೆಯ ಎಂಟರವರೆಗೆ ಕರೆದೊಯ್ದಿದ್ದಳು. ಆದರೆ ಕೊನೆಯ ನಾಲ್ಕಕ್ಕೆ ಹೋಗಿ 1993ರಿಂದ ಕಾಲು ಶತಮಾನ ದಾಟಿತ್ತು.

ಸುರತ್ಕಲ್_ಶೂಟರ್

ನನ್ನ ಪ್ರಕಾರ ಅಲ್ಲೇ ಇರುವುದು ಗುಟ್ಟು. ನೋಟ್ರ್ ಡೇಮ್‌ಗೋ ಕನೆಕ್ಟಿಕಟ್‌ಗೋ ಹೋಗಿದ್ದರೆ ಅವಳ ಜೊತೆ ಅವಳಷ್ಟೇ ಹೆಸರು ಮಾಡಿದ ನಾಲ್ಕು ಜನ ಇರುತ್ತಿದ್ದರು. ಚೆಂಡು ಹಂಚಿಕೊಳ್ಳಬೇಕು. ಅಯೋವಾದಲ್ಲಿ ಬಂದ ದಿನವೇ ಚೆಂಡು ಕೈಗೆ ಕೊಟ್ಟರು. 26.6 ಸರಾಸರಿ ಯಾಕೆ ಬರುವುದಿಲ್ಲ? ಇದರಲ್ಲಿ ಕೋಚ್ ಧೈರ್ಯ ಎಲ್ಲಿದೆ? ಬೇರೆ ದಾರಿ ಇರಲಿಲ್ಲ, ಅಷ್ಟೇ.

ಅದೇ ವರ್ಷ ಪೇಜ್ ಬೆಕರ್ಸ್ ಕನೆಕ್ಟಿಕಟ್‌ನಲ್ಲಿ, ತಾರೆಗಳ ಮಧ್ಯೆ, ಮೊದಲ ವರ್ಷವೇ ಎಪಿ ಸುದ್ದಿ ಸಂಸ್ಥೆಯ ವರ್ಷದ ಆಟಗಾರ್ತಿ ಆದಳು. ಮೊದಲ ವರ್ಷದ ಹುಡುಗಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ನನ್ನ ಓಟು ಅವಳಿಗೆ.

ಕಂಠೀರವ_ಗ್ಯಾಲರಿ

ಬೆಕರ್ಸ್ ಅಭಿಮಾನಿ ಬರುತ್ತಾರೆ ಅಂತ ಗೊತ್ತಿತ್ತು.

2020ರ ಬ್ಯಾಚ್ ಬಗ್ಗೆ ಒಂದು ಮಾತು. ಇಎಸ್‌ಪಿಎನ್ ಪಟ್ಟಿಯಲ್ಲಿ ಬೆಕರ್ಸ್ 1, ಏಂಜೆಲ್ ರೀಸ್ 2, ಕ್ಯಾಮರಾನ್ ಬ್ರಿಂಕ್ 3, ಕ್ಲಾರ್ಕ್ 4. ಒಂದೇ ವರ್ಷ ಈ ನಾಲ್ವರೂ ಕಾಲೇಜಿಗೆ ಬಂದರು ಅನ್ನುವುದೇ ದೊಡ್ಡ ವಿಷಯ. ನಾಲ್ವರಲ್ಲಿ ಕ್ಲಾರ್ಕ್ ಒಬ್ಬಳೇ ತನ್ನ ರಾಜ್ಯದಲ್ಲೇ ಉಳಿದವಳು. (ರೀಸ್ ಕೂಡ ಮೊದಲು ಮನೆ ಹತ್ತಿರದ ಮೇರಿಲ್ಯಾಂಡ್‌ಗೆ ಹೋದಳು, ಆಮೇಲೆ ಎಲ್‌ಎಸ್‌ಯು. ಹಾಗಾಗಿ 'ಕೊನೆವರೆಗೂ ಉಳಿದವಳು' ಅನ್ನಬೇಕು.)

2021ರ ಮಾರ್ಚ್ 27, ಸ್ಯಾನ್ ಆಂಟೊನಿಯೊ. ಕೊನೆಯ ಹದಿನಾರರ ಸುತ್ತು. ಅಯೋವಾ ಎದುರು ಕನೆಕ್ಟಿಕಟ್. ಎಲ್ಲರೂ ಬೆಕರ್ಸ್ ವರ್ಸಸ್ ಕ್ಲಾರ್ಕ್ ಅಂತ ಬರೆದರು. ಕ್ಲಾರ್ಕ್ 21, ಬೆಕರ್ಸ್ 18. ಪಂದ್ಯ? 92-72, ಕನೆಕ್ಟಿಕಟ್. ಈ ಒಂದು ಪಂದ್ಯ ಇಟ್ಟುಕೊಂಡೇ ಆ ಬೇಸಿಗೆ ಪೂರ್ತಿ 'ಕ್ಲಾರ್ಕ್ ಪಾಯಿಂಟ್ ಹಾಕುತ್ತಾಳೆ, ಬೆಕರ್ಸ್ ಗೆಲ್ಲಿಸುತ್ತಾಳೆ' ಅಂತ ಜನ ಮಾತಾಡಿದರು. ಅದರ ಹಿಂದಿನ ಸುತ್ತಿನಲ್ಲಿ ಕೆಂಟಕಿ ವಿರುದ್ಧ ಅವಳು 35 ಹಾಕಿ ಗೆಲ್ಲಿಸಿದ್ದು ಯಾರಿಗೂ ನೆನಪಿಲ್ಲ.

ಇನ್ನು ಕೋಚ್ ಧೈರ್ಯ. ಬೇರೆ ದಾರಿ ಇರಲಿಲ್ಲ ಅನ್ನುವುದು ತಪ್ಪು. ಮೋನಿಕಾ ಚಿನಾನೊ ಇದ್ದಳಲ್ಲ.

ಪಾಯಿಂಟ್_ಗಾರ್ಡ್_ಪಮ್ಮಿ

ಅಬ್ಬಾ, ಕೊನೆಗೂ ಯಾರೋ ಚಿನಾನೊ ಹೆಸರು ಎತ್ತಿದರು! ಈ ಕಥೆಯಲ್ಲಿ ಎಲ್ಲರೂ ಮರೆಯುವ ಹೆಸರು ಅದು.

ನಾನು ಕಾಲೇಜು ದಿನಗಳಲ್ಲಿ ಪಾಯಿಂಟ್ ಗಾರ್ಡ್ ಆಡಿದವಳು. ಗಾರ್ಡ್‌ಗೆ ಒಳಗೆ ನಿಲ್ಲುವ ಸೆಂಟರ್ ಸರಿ ಇದ್ದರೆ ಜೀವನ ಎಷ್ಟು ಸುಲಭ ಅಂತ ಆಡಿದವರಿಗೇ ಗೊತ್ತು. ಚಿನಾನೊ ಮಾಡುತ್ತಿದ್ದದ್ದು ನೋಡಲು ಏನೂ ಇಲ್ಲ. ಬುಟ್ಟಿ ಹತ್ತಿರ ಹೋಗಿ, ಡಿಫೆಂಡರನ್ನು ಬೆನ್ನ ಹಿಂದೆ ಇಟ್ಟುಕೊಂಡು, ಕಾಲು ಅಗಲಿಸಿ, ಒಂದು ಕೈ ಮೇಲೆತ್ತಿ ನಿಲ್ಲುವುದು. ಆ ಕೈಗೆ ಚೆಂಡು ಬಂತು ಅಂದರೆ ಮುಗೀತು. ಹಾಕಿದ ಮೂರು ಶಾಟ್‌ನಲ್ಲಿ ಎರಡು ಬುಟ್ಟಿಗೆ. ಡ್ರಿಬಲ್ ಕೂಡ ಇಲ್ಲ.

ಈಗ ಎದುರಾಳಿಯ ಕಷ್ಟ ನೋಡಿ. ಕ್ಲಾರ್ಕ್ ಮೂರು ಪಾಯಿಂಟ್ ಗೆರೆಯಿಂದ ಎರಡು ಮೂರು ಹೆಜ್ಜೆ ಹೊರಗೆ ನಿಂತೇ ಶಾಟ್ ಎತ್ತುತ್ತಾಳೆ. ಅವಳನ್ನು ತಡೆಯಲು ಇಬ್ಬರು ಅಷ್ಟು ದೂರ ಬರಬೇಕು. ಬಂದರೆ ಒಳಗೆ ನಾಲ್ವರಿಗೆ ಮೂವರು. ಚಿನಾನೊ ಕೈ ಮೇಲಿರುತ್ತದೆ. ಬರದಿದ್ದರೆ ಮೂರು ಪಾಯಿಂಟ್. ದೂರದ ಶಾಟ್ ಅಂದರೆ ಶೋಕಿ ಅಂತ ಬೈಯುವವರು ಇದನ್ನು ನೋಡುವುದೇ ಇಲ್ಲ. ಆ ಶಾಟ್ ಬೀಳದಿದ್ದರೂ ಬೀಳಬಹುದು ಅನ್ನುವ ಭಯವೇ ಒಳಗೆ ಜಾಗ ಮಾಡಿಕೊಡುತ್ತದೆ.

ಜೊತೆಗೆ ಗ್ಯಾಬಿ ಮಾರ್ಷಲ್, ಮೆಕೆನ್ನಾ ವಾರ್ನಾಕ್, ಕೇಟ್ ಮಾರ್ಟಿನ್. ಈ ಐವರೇ ಮೂರು ಸೀಸನ್ ಹೆಚ್ಚೂ ಕಡಿಮೆ ಒಟ್ಟಿಗೆ ಆಡಿದರು. ಈಗಿನ ಕಾಲೇಜು ಆಟದಲ್ಲಿ, ವರ್ಷ ವರ್ಷ ಟ್ರಾನ್ಸ್‌ಫರ್ ಆಗುವ ಕಾಲದಲ್ಲಿ, ಅದು ಸಿಗುವ ಭಾಗ್ಯ ಅಲ್ಲ.

ಲೆಕ್ಕದ_ಮೇಷ್ಟ್ರು

ಪಮ್ಮಿ ಅವರೇ, ಒಳ್ಳೆ ವಿವರಣೆ. ಇದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ಎಲ್ಲರೂ ತಪ್ಪಾಗಿ ಓದುವ ಲೆಕ್ಕ ಇದು.

ಎರಡನೇ ವರ್ಷ ಕ್ಲಾರ್ಕ್ ಮೂರು ಪಾಯಿಂಟ್ ಶಾಟ್ ಶೇ. 40.6ರಿಂದ 33.2ಕ್ಕೆ ಬಿತ್ತು. ದೊಡ್ಡ ಕುಸಿತ. 'ಮೊದಲ ವರ್ಷದ್ದು ಅದೃಷ್ಟ' ಅಂತ ಹೇಳಿದವರಿದ್ದಾರೆ. ಆದರೆ 2021-22ರಲ್ಲಿ ಗೆರೆಯೇ ಹಿಂದಕ್ಕೆ ಹೋಯಿತು. ಅಮೆರಿಕದ ಕಾಲೇಜು ಮಹಿಳಾ ಆಟದ ಮೂರು ಪಾಯಿಂಟ್ ಗೆರೆ ಅಲ್ಲಿವರೆಗೆ 6.32 ಮೀಟರ್ ಇತ್ತು. ಆ ವರ್ಷ ಅಂತಾರಾಷ್ಟ್ರೀಯ ಅಳತೆಗೆ, 6.75 ಮೀಟರ್‌ಗೆ ತಂದರು.

'ಅವಳು ಹೇಗೂ ಗೆರೆಯಿಂದ ಆಚೆ ನಿಂತು ಹೊಡೆಯುತ್ತಾಳಲ್ಲ, ಗೆರೆ ಎಲ್ಲಿದ್ದರೇನು?' ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಗೆರೆ ಒಂದೇ ಕಾರಣ ಅಂತ ನಾನೂ ಹೇಳುವುದಿಲ್ಲ. ಎರಡನೇ ವರ್ಷ ಎಲ್ಲ ತಂಡಗಳೂ ಅವಳಿಗಾಗಿಯೇ ಯೋಜನೆ ಮಾಡಿಕೊಂಡು ಬಂದವು. ಅಂಕಣದ ಆ ತುದಿಯಿಂದಲೇ ಮೈಮೇಲೆ ಬೀಳುತ್ತಿದ್ದರು.

ಅಷ್ಟಾದರೂ ಸರಾಸರಿ 27.0ಕ್ಕೆ ಏರಿತು. ಶಾಟ್ ಬೀಳದಾಗ ಒಳಗೆ ನುಗ್ಗಿ ಫ್ರೀ ಥ್ರೋ ಗಿಟ್ಟಿಸಿಕೊಳ್ಳುವುದನ್ನು ಕಲಿತಳು. ಅದರಲ್ಲಿ ಶೇ. 88. ಪಾಯಿಂಟ್ ಮತ್ತು ಅಸಿಸ್ಟ್ ಎರಡರ ಸರಾಸರಿಯಲ್ಲೂ ಒಂದೇ ಸೀಸನ್‌ನಲ್ಲಿ ದೇಶಕ್ಕೆ ಮೊದಲು ಬಂದ ಮೊದಲ ಮಹಿಳೆ ಆದಳು. 2022ರ ಜನವರಿಯಲ್ಲಿ ನೆಬ್ರಾಸ್ಕಾ ಮತ್ತು ಮಿನ್ನೆಸೋಟ ವಿರುದ್ಧ ಸತತ ಎರಡು ಪಂದ್ಯದಲ್ಲಿ 30ಕ್ಕೂ ಹೆಚ್ಚು ಪಾಯಿಂಟ್ ಜೊತೆ ಟ್ರಿಪಲ್ ಡಬಲ್. ಗಂಡಸರ ಆಟದಲ್ಲೂ ಅದುವರೆಗೆ ಯಾರೂ ಮಾಡಿರಲಿಲ್ಲ.

ನನಗೆ ಕೇಳಿದರೆ ಅವಳ ಬೆಳವಣಿಗೆಯ ವರ್ಷ ಇದೇ. ಮೊದಲನೆಯದಲ್ಲ.

ಹರಿಹರ_ಅಮ್ಮ

ಎಲ್ಲರಿಗೂ ನಮಸ್ಕಾರ. ನನಗೆ ಆಟದ ನಿಯಮ ಅಷ್ಟು ಗೊತ್ತಿಲ್ಲ. ಮಗಳು ಏಳನೇ ಕ್ಲಾಸು, ಬ್ಯಾಸ್ಕೆಟ್‌ಬಾಲ್ ಹುಚ್ಚು. ಅವಳಿಗಾಗಿ ಓದುತ್ತಿದ್ದೇನೆ. ಟ್ರಿಪಲ್ ಡಬಲ್ ಅಂದರೆ ಏನು ಸರ್?

ಲೆಕ್ಕದ_ಮೇಷ್ಟ್ರು

ಪಾಯಿಂಟ್, ರಿಬೌಂಡ್, ಅಸಿಸ್ಟ್, ಸ್ಟೀಲ್, ಬ್ಲಾಕ್. ಈ ಐದರಲ್ಲಿ ಯಾವುದಾದರೂ ಮೂರರಲ್ಲಿ ಒಂದೇ ಪಂದ್ಯದಲ್ಲಿ ಹತ್ತು ಅಥವಾ ಹೆಚ್ಚು ಬಂದರೆ ಟ್ರಿಪಲ್ ಡಬಲ್ ಮೇಡಂ. ಉದಾಹರಣೆಗೆ ಆ ಮಿನ್ನೆಸೋಟ ಪಂದ್ಯ: 35 ಪಾಯಿಂಟ್, 13 ರಿಬೌಂಡ್, 10 ಅಸಿಸ್ಟ್.

ಹರಿಹರ_ಅಮ್ಮ

ಧನ್ಯವಾದ ಸರ್. ಹುಡುಗರ ಜೊತೆ ಆಡಿದಳು ಅಂತ ಮೇಲೆ ಒಬ್ಬರು ಬರೆದಿದ್ದಾರಲ್ಲ, ಅದನ್ನು ಮಗಳಿಗೆ ಓದಿ ಹೇಳಿದೆ. ನಮ್ಮಲ್ಲೂ ಹುಡುಗಿಯರು ತಂಡಕ್ಕಾಗುವಷ್ಟು ಇಲ್ಲ. ಸಂಜೆ ಹುಡುಗರು ಆಡುವಾಗ ಇವಳು ಹೊರಗೆ ನಿಂತು ಚೆಂಡು ಎತ್ತಿಕೊಡುತ್ತಾಳೆ. ಆಡಲು ಸೇರಿಸಿ ಅಂತ ಕೇಳಿದರೆ, ಪೆಟ್ಟಾದರೆ ಯಾರು ಜವಾಬ್ದಾರಿ ಅಂತಾರೆ.

ಪಾಯಿಂಟ್_ಗಾರ್ಡ್_ಪಮ್ಮಿ

ಅಕ್ಕ, ಜವಾಬ್ದಾರಿ ನಮ್ಮದು ಅಂತ ಬರೆದುಕೊಟ್ಟು ಸೇರಿಸಿ. ನನ್ನಮ್ಮ ಹಾಗೇ ಮಾಡಿದ್ದು.

ಹುಡುಗರ ಜೊತೆ ಆಡಿದರೆ ಒಂದು ಲಾಭ ಖಂಡಿತ ಇದೆ. ಅವರು ನಮಗಿಂತ ಬೇಗ ಮೇಲೆ ಹಾರುತ್ತಾರೆ. ಹಾಗಾಗಿ ಶಾಟ್ ಬೇಗ ಬಿಡಬೇಕು, ದೂರದಿಂದ ಬಿಡಬೇಕು. ಕ್ಲಾರ್ಕ್ ಎಡಕ್ಕೆ ಒಂದು ಹೆಜ್ಜೆ ಹಿಂದೆ ಸರಿದು ಶಾಟ್ ಬಿಡುವುದು ನೋಡಿ. ಎದುರಿನವನು ನನಗಿಂತ ಎತ್ತರ ಅನ್ನುವ ಅಭ್ಯಾಸದಿಂದ ಬಂದ ಚಾಳಿ ಅದು ಅಂತ ನನ್ನ ಊಹೆ. ಕಾಲೇಜಿಗೆ ಬರುವಷ್ಟರಲ್ಲಿ ಅವಳೇ ಆರಡಿ ಇದ್ದಳು, ಆದರೂ ಚಾಳಿ ಹೋಗಲಿಲ್ಲ.

ಮಗಳಿಗೆ ಸದ್ಯಕ್ಕೆ ದೂರದ ಶಾಟ್ ಬೇಡ. ಆ ವಯಸ್ಸಿಗೆ ಭುಜದಲ್ಲಿ ಅಷ್ಟು ಬಲ ಇರುವುದಿಲ್ಲ. ಎಸೆಯುವ ರೀತಿ ಕೆಟ್ಟುಹೋದರೆ ಸರಿ ಮಾಡುವುದು ಕಷ್ಟ. ಎರಡೂ ಕೈಯಲ್ಲಿ ಡ್ರಿಬಲ್, ಬುಟ್ಟಿ ಹತ್ತಿರದ ಶಾಟ್, ಅಷ್ಟು ಸಾಕು. ಆರನೇ ನಂಬರ್ ಚೆಂಡು ಕೊಡಿಸಿ, ಏಳು ಗಂಡಸರದ್ದು.

ಸಪ್ತಾಪುರ_ಸಿಕ್ಸರ್

ಇಲ್ಲಿ ಮಾತು ಬರೀ ಅಮೆರಿಕಾದ್ದೇ ಆಯ್ತಲ್ರೀ. ನಮ್ಮ ಹುಡುಗಿಯರು ಯಾರಾದ್ರೂ ಅಲ್ಲಿ ಆಡ್ಯಾರೇನು?

ಕಂಠೀರವ_ಗ್ಯಾಲರಿ

ಆಡಿದ್ದಾರೆ. ನಮ್ಮ ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಆಡಿದರು. ಅದೂ ಡಿವಿಷನ್ 1 ತಂಡ, ಕ್ಲಾರ್ಕ್ ಆಡಿದ ಅದೇ ದರ್ಜೆ. ಹರ್‌ಸಿಮ್ರನ್ ಕೌರ್ ಸ್ಯಾನ್ ಡಿಯಾಗೊ ವಿಶ್ವವಿದ್ಯಾಲಯಕ್ಕೆ. 2017ರಲ್ಲಿ ಮಹಿಳಾ ಏಷ್ಯಾ ಕಪ್ 'ಬಿ' ವಿಭಾಗ ನಮ್ಮ ಕಂಠೀರವ ಒಳಾಂಗಣದಲ್ಲೇ ನಡೆದು, ಭಾರತ ಫೈನಲ್‌ನಲ್ಲಿ ಕಜಕಸ್ತಾನವನ್ನು ಎರಡೇ ಪಾಯಿಂಟ್‌ನಿಂದ ಸೋಲಿಸಿತು. 75-73. ನನ್ನ ಅಡ್ಡಹೆಸರು ಬಂದದ್ದು ಎಲ್ಲಿಂದ ಅಂತ ಗೊತ್ತಾಯಿತಲ್ವಾ?

ಅಲ್ಲಿಗೆ ಹೋದ ನಮ್ಮವರಿಗೂ ಕ್ಲಾರ್ಕ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ, ದುಡ್ಡು. 2021ರ ಜುಲೈ 1ರವರೆಗೆ ಯಾವ ಕಾಲೇಜು ಆಟಗಾರರೂ ಜಾಹೀರಾತಿನಿಂದ ಒಂದು ಡಾಲರ್ ತಗೊಳ್ಳುವ ಹಾಗಿರಲಿಲ್ಲ. ಕ್ಲಾರ್ಕ್‌ದು ಆಗ ಒಂದು ವರ್ಷ ಮುಗಿದಿತ್ತು. ನಿಯಮ ಬದಲಾಯಿತು, ಎರಡನೇ ವರ್ಷದಿಂದ ಒಪ್ಪಂದಗಳು ಶುರುವಾದವು. ಅಯೋವಾದ ಹೈ-ವೀ ದಿನಸಿ ಅಂಗಡಿಯವರು ಮೊದಮೊದಲು ಬಂದವರಲ್ಲಿ ಸೇರಿದ್ದಾರೆ, ನೈಕಿ ಆಮೇಲೆ. ಆದರೆ ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಅಲ್ಲೇ ಇದ್ದು ಹೀಗೆ ಸಂಪಾದಿಸಲು ವೀಸಾ ನಿಯಮವೇ ಅಡ್ಡ. ಪಕ್ಕದ ಕುರ್ಚಿಯವಳಿಗೆ ಸಿಗುವುದು ಇವರಿಗೆ ಸಿಗುವುದಿಲ್ಲ.

ಸೀಡರ್‌ರಾಪಿಡ್ಸ್_ಕನ್ನಡತಿ

ಹೈ-ವೀ ನಮ್ಮನೆ ಹತ್ತಿರವೇ ಇದೆ. ಕೊತ್ತಂಬರಿ ಸೊಪ್ಪು ತರಲು ಹೋದರೆ ಅವಳ ಮುಖ. 😄

ದುಡ್ಡಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಅವಳ ಮೊದಲ ವರ್ಷದ ಅದೇ ಸ್ಯಾನ್ ಆಂಟೊನಿಯೊ ಟೂರ್ನಿಯಲ್ಲೇ ಗಂಡಸರಿಗೆ ದೊಡ್ಡ ಜಿಮ್, ಹೆಂಗಸರಿಗೆ ಒಂದು ಸಣ್ಣ ಸ್ಟ್ಯಾಂಡಿನಲ್ಲಿ ಡಂಬಲ್ಸ್ ಇಟ್ಟಿದ್ದು. ಒರೆಗಾನ್ ತಂಡದ ಸೆಡೋನಾ ಪ್ರಿನ್ಸ್ ವಿಡಿಯೊ ಹಾಕಿ ಮಾನ ಕಳೆದಳಲ್ಲ, ಅದು. 'ಮಾರ್ಚ್ ಮ್ಯಾಡ್‌ನೆಸ್' ಅನ್ನುವ ಹೆಸರನ್ನೂ ಹೆಂಗಸರ ಟೂರ್ನಿಗೆ ಬಳಸುತ್ತಿರಲಿಲ್ಲ. 2022ರಿಂದ ಬಳಸಲು ಬಿಟ್ಟರು. ಕ್ಲಾರ್ಕ್ ಶುರು ಮಾಡಿದಾಗ ಪರಿಸ್ಥಿತಿ ಇಷ್ಟಿತ್ತು.

ಸುರತ್ಕಲ್_ಶೂಟರ್

ಸರಿ, ಎಲ್ಲರೂ ಹೊಗಳಿದ್ದಾಯ್ತು. ಈಗ ಯಾರೂ ಹೇಳದ ಪಂದ್ಯದ ಬಗ್ಗೆ ನಾನು ಹೇಳುತ್ತೇನೆ. 2022ರ ಮಾರ್ಚ್ 20. ಕ್ರೇಟನ್.

ರಾಷ್ಟ್ರೀಯ ಟೂರ್ನಿಯಲ್ಲಿ ಅಯೋವಾ ಎರಡನೇ ಸೀಡ್ (ಶ್ರೇಯಾಂಕ). ಕ್ರೇಟನ್ ಹತ್ತನೇ ಸೀಡ್. ಪಂದ್ಯ ಅಯೋವಾದ ಸ್ವಂತ ಅರೀನಾದಲ್ಲಿ, ಈ ಸಲ ಕಿಕ್ಕಿರಿದ ಜನ. ಬಿಗ್ ಟೆನ್ ಟೂರ್ನಿ ಗೆದ್ದು ಬಂದಿದ್ದಾರೆ. ಕ್ಲಾರ್ಕ್ ಶಾಟ್‌ಗಳು ಬೀಳುತ್ತಲೇ ಇಲ್ಲ. 15 ಪಾಯಿಂಟ್ ಅಷ್ಟೇ. ಕೊನೆಯ ನಿಮಿಷ. ಮೂರು ಪಾಯಿಂಟ್ ಹೊಡೆದು ಕ್ರೇಟನ್‌ಗೆ ಮುನ್ನಡೆ ಕೊಟ್ಟದ್ದು ಯಾರು? ಲಾರೆನ್ ಜೆನ್ಸೆನ್. ಹಿಂದಿನ ವರ್ಷ ಇದೇ ಅಯೋವಾ ತಂಡದ ಬೆಂಚಿನಲ್ಲಿ ಕೂತಿದ್ದ ಹುಡುಗಿ! ಆಡಲು ಜಾಸ್ತಿ ಅವಕಾಶ ಇಲ್ಲದೆ ಬಿಟ್ಟು ಹೋದವಳು. ಕೊನೆಯ ಸೆಕೆಂಡುಗಳಲ್ಲಿ ಕ್ಲಾರ್ಕ್ ಒಳಗೆ ನುಗ್ಗಿ ಹಾಕಿದ ಲೇಅಪ್ ಬೀಳಲಿಲ್ಲ. 64-62. ಮನೆಗೆ.

ಎಲ್ಲ ಚೆಂಡೂ ಒಬ್ಬಳ ಕೈಗೆ ಕೊಡುವ 'ಧೈರ್ಯ'ಕ್ಕೆ ಬೆಲೆ ಇದು. ಬೆಂಚಿನಲ್ಲಿದ್ದವಳು ಬೇರೆ ಬಣ್ಣದ ಅಂಗಿ ಹಾಕಿಕೊಂಡು ಬಂದು ಹೊಡೆದು ಹೋದಳು.

ಪಾಯಿಂಟ್_ಗಾರ್ಡ್_ಪಮ್ಮಿ

ಅಯ್ಯೋ, ಇದನ್ನು ನೆನಪಿಸಬಾರದಿತ್ತು ನೀವು.

ಕಂಠೀರವ_ಗ್ಯಾಲರಿ

ಒಳ್ಳೆ ಪೆಟ್ಟು ಶೂಟರ್ ಅವರೇ. ಇದಕ್ಕೆ ಸುಲಭದ ಉತ್ತರ ಇಲ್ಲ. ಲಾರೆನ್ ಜೆನ್ಸೆನ್ ಬಿಟ್ಟು ಹೋದದ್ದು ಅಯೋವಾಗೆ ನಷ್ಟವೇ. ಐವರನ್ನೇ ನೆಚ್ಚಿಕೊಂಡರೆ ಆರನೆಯವಳು ಎಷ್ಟು ದಿನ ಕಾಯುತ್ತಾಳೆ?

ಆದರೆ ಅದಾದ ಮೇಲೆ ಏನಾಯಿತು ನೋಡಿ. ಸೋತ ಮೇಲೆ ಬ್ಲೂಡರ್ ಆಟದ ಶೈಲಿ ಬದಲಾಯಿಸಲಿಲ್ಲ. ಶಾಟ್ ಕಡಿಮೆ ಮಾಡು ಅನ್ನಲಿಲ್ಲ. ಅದೇ ಐವರು, ಅದೇ ವೇಗ. ಮುಂದಿನ ಮಾರ್ಚ್‌ನಲ್ಲಿ ಲೂಯಿವಿಲ್ ವಿರುದ್ಧ 41 ಪಾಯಿಂಟ್, 12 ಅಸಿಸ್ಟ್, 10 ರಿಬೌಂಡ್. ಎನ್‌ಸಿಎಎ ಟೂರ್ನಿಯಲ್ಲಿ 40 ಪಾಯಿಂಟ್‌ನ ಟ್ರಿಪಲ್ ಡಬಲ್ ಗಂಡಸರಲ್ಲೂ ಇಲ್ಲ, ಹೆಂಗಸರಲ್ಲೂ ಇಲ್ಲ, ಅದೇ ಮೊದಲು. 1993ರ ನಂತರ ಮೊದಲ ಸಲ ಕೊನೆಯ ನಾಲ್ಕು. ಅಲ್ಲಿ 42 ಪಂದ್ಯ ಸತತವಾಗಿ ಗೆದ್ದಿದ್ದ ಸೌತ್ ಕೆರೊಲೈನಾವನ್ನು 77-73ರಿಂದ ಕೆಡವಿದರು. ಫೈನಲ್‌ನಲ್ಲಿ ಎಲ್‌ಎಸ್‌ಯು ಎದುರು ಸೋತರು, ಅದು ಬೇರೆ ಕಥೆ.

ನನಗೆ ಕ್ರೇಟನ್ ಪಂದ್ಯಕ್ಕಿಂತ ಆರು ವಾರ ಹಿಂದಿನ ಮಿಷಿಗನ್ ಪಂದ್ಯ ಹೆಚ್ಚು ಹೇಳುತ್ತದೆ. 2022 ಫೆಬ್ರವರಿ 6, ಮಿಷಿಗನ್‌ನಲ್ಲಿ. ತಂಡ ಭಾರೀ ಹಿಂದೆ ಬಿದ್ದಿದೆ. ಯಾರೂ ಗೆಲುವಿನ ಮಾತಾಡುವ ಹಾಗಿಲ್ಲ. ನಾಲ್ಕನೇ ಕ್ವಾರ್ಟರ್ ಒಂದರಲ್ಲೇ ಕ್ಲಾರ್ಕ್ 25 ಪಾಯಿಂಟ್! ಒಟ್ಟು 46. ಅಂಕಣದ ಮಧ್ಯದ ಲಾಂಛನದ ಹತ್ತಿರದಿಂದ ಶಾಟ್ ಎತ್ತುತ್ತಾಳೆ, ಬೀಳುತ್ತದೆ. ಇನ್ನೊಂದು, ಅದೂ ಬೀಳುತ್ತದೆ. ಬೈಯಲು ಬಂದ ಎದುರಾಳಿ ಜನ ನಗಲು ಶುರು ಮಾಡುತ್ತಾರೆ. ಕೊನೆಗೂ 98-90ಕ್ಕೆ ಸೋತರು. ಮೂರು ವಾರ ಬಿಟ್ಟು ಅದೇ ಮಿಷಿಗನ್ ಅಯೋವಾ ಸಿಟಿಗೆ ಬಂತು. 104-80, ಅಯೋವಾ. ಕ್ಲಾರ್ಕ್ 38.

ಮೊದಲ ಪಂದ್ಯದಲ್ಲಿ 'ಸಾಕು, ಸೋತಾಯಿತು' ಅಂತ ಅವಳನ್ನು ಹೊರಗೆ ಕೂರಿಸಿದ್ದರೆ ಆ ಇಪ್ಪತ್ತೈದು ಎಲ್ಲಿಂದ ಬರುತ್ತಿತ್ತು?

ಲೆಕ್ಕದ_ಮೇಷ್ಟ್ರು

ಇದನ್ನು ಒಪ್ಪಬಹುದು. ಆದರೆ ಕ್ರೇಟನ್ ಪಂದ್ಯದ ಲೆಕ್ಕವೂ ಅದೇ ಹುಡುಗಿಯದು. ಅದೂ ಇರಲಿ ಖಾತೆಯಲ್ಲಿ.

ಸಪ್ತಾಪುರ_ಸಿಕ್ಸರ್

ಅಷ್ಟೊತ್ತಿಗೆ ಅಮೆರಿಕ ತಂಡಕ್ಕೂ ಆಡಿದ್ಲೇನ್ರೀ?

ಲೆಕ್ಕದ_ಮೇಷ್ಟ್ರು

ಜೂನಿಯರ್ ತಂಡಗಳಲ್ಲಿ. 2019ರಲ್ಲಿ ಬ್ಯಾಂಕಾಕಿನಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಚಿನ್ನ. 2021ರಲ್ಲಿ ಹಂಗೆರಿಯ ಡೆಬ್ರೆಸೆನ್‌ನಲ್ಲಿ ಮತ್ತೆ ಚಿನ್ನ, ಆ ಟೂರ್ನಿಯ ಅತ್ಯುತ್ತಮ ಆಟಗಾರ್ತಿಯೂ ಅವಳೇ. ಅಂದರೆ ಮೊದಲ ಮತ್ತು ಎರಡನೇ ಸೀಸನ್ ನಡುವಿನ ಬೇಸಿಗೆ.

ಹರಿಹರ_ಅಮ್ಮ

ಪಮ್ಮಿ ಅವರೇ, ನಿನ್ನೆ ಬರೆದುಕೊಟ್ಟು ಬಂದೆ. ಹುಡುಗರ ಜೊತೆ ಆಡಲು ಬಿಟ್ಟರು. ಮೊಣಕೈ ತರಚಿಕೊಂಡು ಬಂದಿದ್ದಾಳೆ, ಖುಷಿಯಲ್ಲಿ ಊಟ ಮಾಡಲಿಲ್ಲ. ಒಂದು ಪ್ರಶ್ನೆ: ಆ ಮಿಷಿಗನ್ ಪಂದ್ಯ ಯೂಟ್ಯೂಬ್‌ನಲ್ಲಿ ಸಿಗುತ್ತಾ? ತೋರಿಸು ಅಂತ ಹಟ.

ಪಾಯಿಂಟ್_ಗಾರ್ಡ್_ಪಮ್ಮಿ

ಮುಖ್ಯ ತುಣುಕುಗಳು ಸಿಗುತ್ತವೆ ಅಕ್ಕ. ಎದುರಾಳಿ ಹೆಸರು, 46 ಪಾಯಿಂಟ್ ಅಂತ ಹಾಕಿ ಹುಡುಕಿ. ಆದರೆ ಅದನ್ನು ತೋರಿಸಿದರೆ ನಾಳೆಯಿಂದಲೇ ಅಂಕಣದ ಮಧ್ಯದಿಂದ ಎಸೆಯಲು ಶುರು ಮಾಡುತ್ತಾಳೆ. ನಾನು ಹೇಳಿದ್ದು ನೆನಪಿರಲಿ, ಬುಟ್ಟಿ ಹತ್ತಿರದ ಶಾಟ್ ಮೊದಲು! ಚಿನಾನೊ ತುಣುಕುಗಳನ್ನು ಹುಡುಕಿ ತೋರಿಸಿ.

ಸುರತ್ಕಲ್_ಶೂಟರ್

ಮೇಡಂ, ಯಾರ ಮಾತೂ ಕೇಳಬೇಡಿ, ಬೆಕರ್ಸ್ ತೋರಿಸಿ. ಮೊಣಕಾಲು ಎರಡು ಸಲ ಕೈಕೊಟ್ಟು, ಒಂದು ಸೀಸನ್ ಪೂರ್ತಿ ಹೊರಗೆ ಕೂತು, 2025ರಲ್ಲಿ ಚಾಂಪಿಯನ್ ಆದಳು. ಕ್ಲಾರ್ಕ್‌ಗೆ ಕಾಲೇಜಿನಲ್ಲಿ ಆ ಕಪ್ ಸಿಗಲೇ ಇಲ್ಲ.

ಕಂಠೀರವ_ಗ್ಯಾಲರಿ

ಬೆಕರ್ಸ್‌ಗೆ ಬೇರೆ ಚರ್ಚೆ ಶುರು ಮಾಡಿ ಶೂಟರ್ ಅವರೇ. ನಾನೇ ಬಂದು ಮೊದಲ ಕಾಮೆಂಟ್ ಹಾಕುತ್ತೇನೆ, ಬೈಯುವುದಕ್ಕೆ. 😀